ವಿಂಚ್ ಇರಬೇಕಾದ ಜಾಗ ಮತ್ತು ನಮ್ಮ ತೋರಿಕೆಯ ಚಟ



ಕಳೆದ ಮಳೆಗಾಲದಿಂದೀಚೆಗೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು ಬೇರೆ ಬೇರೆ ಸಂದರ್ಭಗಳಲ್ಲಿ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ: "ಸಾರ್, ನನ್ನ ಸಣ್ಣ ಗಾಡಿಗೆ ವಿಂಚ್ ಹಾಕಿಸಬೇಕೆಂದಿದ್ದೇನೆ. ಎಲ್ಲಿ ಹಾಕಿಸಿದರೆ ಒಳ್ಳೆಯದು?" ಮೂವರೂ ತೋಟದ ಕೆಲಸದವರು, ಇಬ್ಬರ ಬಳಿ ಹಳೆಯ ಜಿಪ್ಸಿ, ಒಬ್ಬನ ಬಳಿ ಹೊಸ ಜಿಮ್ನಿ. ಮೂವರೂ ಪ್ರಶ್ನೆಯ ಜೊತೆಗೆ ಒಂದೊಂದು ಚಿತ್ರವನ್ನೂ ಕಳುಹಿಸಿದ್ದರು. ಆ ಚಿತ್ರಗಳಲ್ಲಿ ಉತ್ತರ ಆಗಲೇ ಬರೆದಿತ್ತು: ಮುಂಬದಿಯಲ್ಲಿ, ಉಕ್ಕಿನ ದಪ್ಪ ಬಂಪರಿನ ಮೇಲೆ, ಎತ್ತರದಲ್ಲಿ, ಎಲ್ಲರಿಗೂ ಕಾಣುವಂತೆ. ಪ್ರಶ್ನೆ ಕೇಳಿದ್ದು ಸಲಹೆಗಾಗಿ ಅಲ್ಲ, ಮೇಷ್ಟ್ರ ಒಪ್ಪಿಗೆಯ ಮುದ್ರೆಗಾಗಿ ಎಂದು ನನಗೆ ಅರ್ಥವಾಯಿತು. ಆ ಮುದ್ರೆಯನ್ನು ನಾನು ಒತ್ತಲಾರೆ. ಏಕೆ ಒತ್ತಲಾರೆನೆಂಬುದನ್ನು ಮೂವರಿಗೂ ಒಟ್ಟಿಗೆ, ಉಳಿದವರಿಗೂ ತಿಳಿಯುವಂತೆ, ಇಲ್ಲಿ ಬರೆಯುತ್ತಿದ್ದೇನೆ.

ವಿಂಚ್ ಎಂದರೇನೆಂದು ತಿಳಿಯದ ನನ್ನ ಬಂಧುಗಳಿಗಾಗಿ ಎರಡು ಮಾತು. ಬಾವಿಯ ಮೇಲಿನ ಅಡ್ಡದಿಮ್ಮಿಗೆ ಹಗ್ಗ ಸುತ್ತಿ ನೀರು ಸೇದುವುದನ್ನು ನೋಡಿದ್ದೀರಿ. ಅದೇ ದಿಮ್ಮಿಯನ್ನು ಒಂದು ವಿದ್ಯುತ್ ಮೋಟಾರಿನಿಂದ, ಹಲ್ಲುಗಾಲಿಗಳ ಮೂಲಕ ಬಹಳ ನಿಧಾನವಾಗಿ ತಿರುಗಿಸಿದರೆ ಅದು ವಿಂಚ್. ವಾಹನ ಕೆಸರಿನಲ್ಲಿ ಹೂತಾಗ ಹಗ್ಗದ ತುದಿಯನ್ನು ಗಟ್ಟಿ ಮರವೊಂದಕ್ಕೆ ಕಟ್ಟಿ ಗುಂಡಿ ಒತ್ತಿದರೆ ವಾಹನ ತನ್ನನ್ನು ತಾನೇ ಎಳೆದುಕೊಂಡು ಹೊರಬರುತ್ತದೆ. ಅಮೆರಿಕದ ವಾರ್ನ್ ಸಂಸ್ಥೆ 1959ರಲ್ಲಿ ಇಂತಹ ವಿದ್ಯುತ್ ವಿಂಚನ್ನು ಖಾಸಗಿ ವಾಹನಗಳಿಗಾಗಿ ಹೊರತಂದಿತು. ಮಲೆನಾಡಿನ ತೋಟಗಳಲ್ಲಿ ಇದು ಶೋಕಿಯ ವಸ್ತುವಲ್ಲ. ಆಷಾಢದ ಮಳೆಯಲ್ಲಿ ರೋಗಿಯನ್ನು ಹೊತ್ತು ಹೊರಟ ಜೀಪು ಹೂತುಕೊಂಡರೆ, ಎಳೆಯಲು ಟ್ರ್ಯಾಕ್ಟರ್ ಬರುವವರೆಗೆ ಕಾಯಲಾಗದು. ಆದ್ದರಿಂದ ನನ್ನ ತಕರಾರು ವಿಂಚಿನ ಮೇಲಲ್ಲ, ಅದನ್ನು ಕೂರಿಸುವ ಜಾಗದ ಮೇಲೆ ಮತ್ತು ಆ ಜಾಗವನ್ನು ಆರಿಸುವ ರೀತಿಯ ಮೇಲೆ.

ಮೊದಲು ತೂಕದ ಲೆಕ್ಕ. ಎಂಟನೆಯ ತರಗತಿಯಲ್ಲಿ ನಿಮಗೆ ಸನ್ನೆಯ ಪಾಠ ಮಾಡಿದ್ದೇನೆ; ಅಡಿಕೋಲು ಮತ್ತು ಪೆನ್ಸಿಲಿನಿಂದ ತೋರಿಸಿದ್ದು ನೆನಪಿರಬಹುದು. ಐದು ಬಾಗಿಲಿನ ಜಿಮ್ನಿ 2023ರ ಜೂನ್ ತಿಂಗಳಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂತು. ಅದರ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವಿನ ಅಂತರ 2590 ಮಿ.ಮೀ.; ವಾಹನದ ಸ್ವಂತ ತೂಕ ಸುಮಾರು 1200 ಕೆ.ಜಿ. ಅಂಗಡಿಯವರು ತೋರಿಸುವ ಉಕ್ಕಿನ ಬಂಪರ್ ಮತ್ತು ವಿಂಚ್ ಸೇರಿ 60 ಕೆ.ಜಿ. ಎಂದೂ, ಅದು ಮುಂದಿನ ಅಚ್ಚಿನಿಂದ 60 ಸೆಂ.ಮೀ. ಮುಂದಕ್ಕೆ ಚಾಚಿ ನಿಂತಿದೆಯೆಂದೂ ಇಟ್ಟುಕೊಳ್ಳಿ. ಮುಂದಿನ ಅಚ್ಚೇ ಇಲ್ಲಿ ಆಧಾರಬಿಂದು. 60ನ್ನು 60ರಿಂದ ಗುಣಿಸಿ 259ರಿಂದ ಭಾಗಿಸಿ: ಹಿಂದಿನ ಅಚ್ಚಿನ ಮೇಲಿದ್ದ ಭಾರದಲ್ಲಿ ಸುಮಾರು 14 ಕೆ.ಜಿ. ಕಡಿಮೆಯಾಗುತ್ತದೆ. ಮುಂದಿನ ಅಚ್ಚಿನ ಮೇಲೆ ಹೆಚ್ಚಾಗುವುದು 60 ಅಲ್ಲ, 74 ಕೆ.ಜಿ. ಅಂದರೆ ನೀವು ಹೊರಿಸಿದ್ದಕ್ಕಿಂತ ಹೆಚ್ಚು ಭಾರವನ್ನು ಮುಂದಿನ ಸ್ಪ್ರಿಂಗುಗಳು ವರ್ಷವಿಡೀ ಹೊರುತ್ತವೆ. ಎರಡೂವರೆ ಟನ್ನಿನ ದೊಡ್ಡ ವಾಹನಕ್ಕೆ 60 ಕೆ.ಜಿ. ಎಂದರೆ ನೂರಕ್ಕೆ ಎರಡೂವರೆ ಪಾಲೂ ಇಲ್ಲ. ಜಿಮ್ನಿಗೆ ಅದು ನೂರಕ್ಕೆ ಐದು. ಆನೆಗೆ ಹೊರಿಸುವ ಅಂಬಾರಿಯನ್ನು ಕರುವಿಗೆ ಹೊರಿಸಬಾರದು.

ಎರಡನೆಯದು ಎತ್ತರದ ಲೆಕ್ಕ. ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಕೆಸರಿನಲ್ಲಿ ಹೂತ ವಾಹನವನ್ನು ಹಿಡಿದಿಡುವ ಬಲ ನೆಲದ ಮಟ್ಟದಲ್ಲಿದೆ. ಎಳೆಯುವ ಹಗ್ಗ ಅದಕ್ಕಿಂತ ಮೇಲಿದೆ. ಈ ಎರಡು ಬಲಗಳು ಸೇರಿ ವಾಹನದ ಮೂತಿಯನ್ನು ಕೆಳಕ್ಕೆ ಒತ್ತುತ್ತವೆ. ಹಗ್ಗ ನೆಲಕ್ಕೆ ಸಮಾಂತರವಾಗಿ 1000 ಕೆ.ಜಿ. ತೂಕದಷ್ಟು ಬಲದಿಂದ ಎಳೆಯುತ್ತಿದೆಯೆನ್ನಿ. ಅದು 45 ಸೆಂ.ಮೀ. ಎತ್ತರದಲ್ಲಿದ್ದರೆ ಹಿಂದಿನಿಂದ ಮುಂದಕ್ಕೆ ವರ್ಗವಾಗುವ ಭಾರ ಸುಮಾರು 174 ಕೆ.ಜಿ.; 70 ಸೆಂ.ಮೀ. ಎತ್ತರದಲ್ಲಿದ್ದರೆ ಸುಮಾರು 270 ಕೆ.ಜಿ. ಚಂದಕ್ಕಾಗಿ ಮೇಲಕ್ಕೇರಿಸಿದ 25 ಸೆಂ.ಮೀ. ಎತ್ತರಕ್ಕೆ ನೀವು ತೆರುವ ದಂಡ 96 ಕೆ.ಜಿ., ಅದೂ ಈಗಾಗಲೇ ಹೂತಿರುವ ಮುಂದಿನ ಗಾಲಿಗಳ ಮೇಲೆ! ಬಿದ್ದವನನ್ನು ಕೈಹಿಡಿದು ಎತ್ತುವಾಗ ಅವನ ತಲೆಯ ಮೇಲೆ ಕಾಲಿಟ್ಟಂತೆ. ಇದರ ಮೇಲೆ, ರೇಡಿಯೇಟರಿಗೆ ಗಾಳಿ ಹೋಗುವ ದಾರಿಗೆ ಮೋಟಾರನ್ನೂ ಸುರುಳಿಯನ್ನೂ ಅಡ್ಡವಿಟ್ಟು, ಘಾಟಿಯ ಏರಿನಲ್ಲಿ ಎಂಜಿನ್ ಬಿಸಿಯಾಗುತ್ತದೆಂದು ಕಂಪನಿಯನ್ನು ಬೈಯುವುದು ಇನ್ನೊಂದು ತಮಾಷೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಹೆಂಗಸರನ್ನು ಕುರಿತದ್ದೆಂದು ಭಾವಿಸಿದ್ದೆವು. ಗಂಡಸರ ಜೀಪುಗಳಿಗೂ ಅದು ಅನ್ವಯಿಸುತ್ತದೆ.

ಮೂರನೆಯದೇ ಮುಖ್ಯವಾದದ್ದು. ಬಲ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ? ಜಿಪ್ಸಿಗೂ ಜಿಮ್ನಿಗೂ ಏಣಿಯಾಕಾರದ ಚಾಸಿಯಿದೆ. ಎರಡು ಉದ್ದನೆಯ ಉಕ್ಕಿನ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ಎಳೆತವನ್ನು ಹೊರಬಲ್ಲದ್ದು ಈ ತೊಲೆಗಳು ಮಾತ್ರ. ಬಂಪರ್ ಹುಟ್ಟಿದ್ದು ಹೊರಗಿನಿಂದ ಬರುವ ತಳ್ಳಾಟವನ್ನು ತಡೆಯಲು. ಹೊರಕ್ಕೆ ಎಳೆಸಿಕೊಳ್ಳಲು ಅಲ್ಲ. ಎಷ್ಟೋ ಕಡೆ ಬಂಪರನ್ನು ತೆಳುವಾದ ತಗಡಿನ ಕೊಂಡಿಗಳಿಗೆ ನಾಲ್ಕು ಬೋಲ್ಟು ಹಾಕಿ ಸಿಕ್ಕಿಸಿ, ಅದರ ಮೇಲೆ ನಾಲ್ಕು ಟನ್ ಎಳೆಯುವ ವಿಂಚನ್ನು ಕೂರಿಸುತ್ತಾರೆ. ನಾನು ಕೆಲಸ ಮಾಡುತ್ತಿದ್ದ ಊರಿನ ಸಮೀಪದ ತೋಟವೊಂದರಲ್ಲಿ ಇದರ ಫಲವನ್ನು ಕಣ್ಣಾರೆ ಕಂಡಿದ್ದೇನೆ. ಎಳೆಯುತ್ತಿದ್ದಂತೆಯೇ ಒಂದು ಕೊಂಡಿ ಹರಿಯಿತು. ಬಂಪರಿನ ತುದಿ ಕತ್ತಿಯಂತೆ ಬೀಸಿಕೊಂಡು, ಕಿತ್ತ ಕಬ್ಬಿಣದ ತುಂಡು ಹಾರಿ ಹಾಲುವಾಣದ ಮರಕ್ಕೆ ಬಡಿದು ತೊಗಟೆಯನ್ನು ಒಂದು ಮೊಳದಷ್ಟು ಸೀಳಿತು. ಆ ಮರದ ಪಕ್ಕದಲ್ಲಿ, ಒಂದು ಗೇಣು ದೂರದಲ್ಲಿ, ಜೀಪನ್ನು ತಳ್ಳಲೆಂದು ಕರೆಸಿದ್ದ ಕೂಲಿಯಾಳು ನಿಂತಿದ್ದ. ಮಾಲೀಕರು ಗಾಜಿನ ಹಿಂದೆ, ಸೀಟಿನ ಮೇಲೆ ಕುಳಿತಿದ್ದರು.

ಈ ವಿಷಯದಲ್ಲಿ ನನ್ನ ಮಾತು ಬಿರುಸಾಗುವುದು ಇದಕ್ಕಾಗಿಯೇ. ವಿಂಚಿನ ಜಾಗವನ್ನು ಆರಿಸುವವನು ಒಬ್ಬ. ಹಗ್ಗದ ಪಕ್ಕದಲ್ಲಿ ನಿಲ್ಲುವವನು ಇನ್ನೊಬ್ಬ. ಎರಡನೆಯವನಿಗೆ ಬೋಲ್ಟು ಎಷ್ಟು ಗಟ್ಟಿಯೆಂದು ಯಾರೂ ಹೇಳುವುದಿಲ್ಲ, ಅವನು ಕೇಳುವುದೂ ಇಲ್ಲ. "ಯಜಮಾನರು ಕರೆದರು, ಹೋದೆ" ಎಂಬಷ್ಟೇ ಅವನ ಸಂಬಂಧ. ನಿಮ್ಮ ವಾಹನ ನಿಮ್ಮದೇ ಇರಬಹುದು. ಅದರ ಅಲಂಕಾರದ ಅಪಾಯವನ್ನು ಪರರ ಕಾಲಿನ ಮೇಲೆ ಇಡುವ ಹಕ್ಕು ನಿಮಗಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ವಾಹನಗಳ ಮುಂದೆ ಕಟ್ಟುವ ಉಕ್ಕಿನ ಅಡ್ಡಗಂಬಿಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆಯಿತು. ತಯಾರಕರು ನಿಗದಿಪಡಿಸಿದ ಮೂಲ ರಚನೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮು ಅದಕ್ಕೆ ಆಧಾರ. ಈ ನಿಯಮ ಅಧಿಕಾರಿಗಳ ಕಿರುಕುಳಕ್ಕೆಂದು ಹುಟ್ಟಿದ್ದಲ್ಲ. ಇಂದಿನ ವಾಹನದ ಮೂತಿ ಅಪಘಾತದಲ್ಲಿ ಕುಗ್ಗುವಂತೆಯೇ ರಚಿತವಾಗಿದೆ. ಏರ್‌ಬ್ಯಾಗ್ ಯಾವ ಕ್ಷಣದಲ್ಲಿ ಉಬ್ಬಬೇಕೆಂಬುದು ಆ ಕುಗ್ಗುವಿಕೆಯನ್ನು ಅವಲಂಬಿಸಿದೆ. ಮುಂದೆ ಬಗ್ಗದ ಉಕ್ಕನ್ನು ಕಟ್ಟಿದರೆ ಆ ಲೆಕ್ಕ ತಪ್ಪುತ್ತದೆ. ಎದುರಿಗೆ ಬರುವ ಪಾದಚಾರಿಯ ಮೊಣಕಾಲಿಗೆ ಪೆಟ್ಟು ಹೆಚ್ಚುತ್ತದೆ. ಆದ್ದರಿಂದ ಚಾಸಿಗೆ ಕೈಹಾಕುವ ಮೊದಲು ಸಾರಿಗೆ ಕಚೇರಿಗೆ ಹೋಗಿ, ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಹಾಗಾದರೆ ಎಲ್ಲಿ? ಇದಕ್ಕೆ ಉತ್ತರಿಸುವ ಮೊದಲು ನಾನು ಒಂದು ಮರುಪ್ರಶ್ನೆ ಕೇಳುತ್ತೇನೆ: ನೀವು ಹೂತುಕೊಂಡಾಗ ಸುರಕ್ಷಿತವಾದ ನೆಲ ಯಾವ ದಿಕ್ಕಿನಲ್ಲಿರುತ್ತದೆ? ಸಕಲೇಶಪುರ, ಮೂಡಿಗೆರೆಗಳ ತೋಟದ ದಾರಿಗಳನ್ನು ನೋಡಿದವರಿಗೆ ಇದು ತಿಳಿದ ವಿಷಯ. ಮೇಲಿನ ಒಣ ದಿಬ್ಬದಿಂದ ಇಳಿಯುತ್ತಾ ಗದ್ದೆಯಂಚಿನ ಜೌಗಿಗೆ ಬಂದು ಸಿಕ್ಕಿಬೀಳುತ್ತೇವೆ. ಮುಂದಿರುವುದು ಇನ್ನಷ್ಟು ಜೌಗು. ನಮ್ಮನ್ನು ಹೊತ್ತು ತಂದ ಗಟ್ಟಿ ನೆಲ, ಗಟ್ಟಿ ಮರ ಎರಡೂ ಇರುವುದು ಬೆನ್ನ ಹಿಂದೆ. ಮೂತಿಯ ಮೇಲಿನ ವಿಂಚ್ ಆಗ ಏನು ಮಾಡೀತು? ನಿಮ್ಮನ್ನು ಇನ್ನಷ್ಟು ಆಳದ ಕೆಸರಿಗೆ, ಬಹಳ ಗಾಂಭೀರ್ಯದಿಂದ, ಎಳೆದುಕೊಂಡು ಹೋದೀತು. ಮುನ್ನುಗ್ಗುವುದೇ ಪೌರುಷ ಎಂಬ ಸಿನಿಮಾದ ತತ್ತ್ವ ಇಲ್ಲಿ ನಡೆಯುವುದಿಲ್ಲ. ಬಂದ ದಾರಿಗೆ ಹಿಂದಿರುಗುವುದು ಸೋಲಲ್ಲ.

ಆದ್ದರಿಂದ ನನ್ನ ವಾದ ಇಷ್ಟು: ಸಣ್ಣ ವಾಹನದಲ್ಲಿ ವಿಂಚಿಗೆ ಒಂದೇ ಶಾಶ್ವತ ಜಾಗ ಇರಬಾರದು. ಮುಂದೆಯೂ ಹಿಂದೆಯೂ, ಚಾಸಿಯ ತೊಲೆಗಳಿಗೇ ನೇರವಾಗಿ ಬಿಗಿದ ಅಡ್ಡಪಟ್ಟಿಗಳಲ್ಲಿ, ಆದಷ್ಟು ಕೆಳಗೆ, ಎರಡಂಗುಲದ ಚೌಕ ಗೂಡುಗಳಿರಲಿ. ವಿಂಚನ್ನು ಕಳಚಬಲ್ಲ ಒಂದು ಉಕ್ಕಿನ ತೊಟ್ಟಿಲಿನ ಮೇಲೆ ಕೂರಿಸಿ. ಬೇಕಾದ ಕಡೆ ತೊಟ್ಟಿಲನ್ನು ಗೂಡಿಗೆ ಸೇರಿಸಿ, ಗೂಟ ಹಾಕಿ ಭದ್ರಪಡಿಸಿ. ಬೇಡವಾದಾಗ ಅದು ಮುಂದಿನ ಸೀಟುಗಳ ಹಿಂದೆ, ನೆಲದ ಮೇಲೆ, ಪಟ್ಟಿಗಳಿಂದ ಬಿಗಿದು ಮಲಗಿರಲಿ. ಬಿಗಿಯದೆ ಬಿಟ್ಟರೆ ಬ್ರೇಕು ಹಾಕಿದಾಗ ಅದೇ ಗುಂಡುಕಲ್ಲಾಗುತ್ತದೆ. ಎರಡು ಅಚ್ಚುಗಳ ನಡುವೆ, ಕೆಳಮಟ್ಟದಲ್ಲಿ ಇರುವ ಭಾರ ಎರಡೂ ಅಚ್ಚುಗಳಿಗೆ ಹಂಚಿಹೋಗುತ್ತದೆ. ಮೊದಲು ಹೇಳಿದ ಸನ್ನೆಯ ದಂಡ ಇಲ್ಲಿಲ್ಲ, ರೇಡಿಯೇಟರಿಗೆ ಅಡ್ಡಿಯಿಲ್ಲ. ಜಿಮ್ನಿಯ ಮೂತಿಗೆ ಕಂಪನಿ ಕೊಟ್ಟಿರುವ 36 ಡಿಗ್ರಿ ಏರುಕೋನವನ್ನೂ ಬಂಪರಿನ ದಪ್ಪ ತುಟಿ ತಿಂದುಹಾಕುವುದಿಲ್ಲ.

"ಅಷ್ಟು ಭಾರವನ್ನು ಎತ್ತಿ ಇಳಿಸುವುದು ಹೇಗೆ ಸಾರ್?" ಎಂದು ಕೇಳುವಿರಿ. ಭಾರವನ್ನು ಆರಿಸಿದವರು ನೀವೇ ಅಲ್ಲವೇ! ಜನ, ಸಾಮಾನು ಸೇರಿದ ಪೂರ್ಣ ತೂಕದ ಒಂದೂವರೆ ಪಟ್ಟು ಎಳೆಯುವ ಶಕ್ತಿ ವಿಂಚಿಗಿರಬೇಕೆಂಬುದು ಬಳಕೆಯಲ್ಲಿರುವ ಸೂತ್ರ. ಜಿಮ್ನಿಯ ಪೂರ್ಣ ತೂಕ 1545 ಕೆ.ಜಿ. ಎಂದರೆ ಬೇಕಾದದ್ದು ಸುಮಾರು 2320 ಕೆ.ಜಿ., ಪೌಂಡಿನ ಲೆಕ್ಕದಲ್ಲಿ 5100. 6000 ಪೌಂಡಿನ ವಿಂಚ್ ಧಾರಾಳವಾಗಿ ಸಾಕು. ಆದರೆ ಅಂಗಡಿಯವನು ಮಾರುವುದು 9500 ಪೌಂಡಿನದನ್ನು, ದೊಡ್ಡ ವಾಹನಕ್ಕೆ ಹೇಳಿದ್ದನ್ನು. ಅದು ಉಕ್ಕಿನ ಹಗ್ಗದೊಂದಿಗೆ 40 ಕೆ.ಜಿ.ಯ ಸಮೀಪ ತೂಗುತ್ತದೆ. ಸಣ್ಣ ವಿಂಚನ್ನು ಸಂಶ್ಲೇಷಿತ ನಾರಿನ ಹಗ್ಗದೊಂದಿಗೆ ಕೊಂಡರೆ ಅರ್ಧಕ್ಕರ್ಧ ತೂಕ ಇಳಿಯುತ್ತದೆ. ತೊಟ್ಟಿಲೂ ಸೇರಿ 30 ಕೆ.ಜಿ. ಆದರೂ, 50 ಕೆ.ಜಿ. ಕಾಫಿ ಚೀಲವನ್ನು ಹೊರುವ ಊರಿನಲ್ಲಿ ಇಬ್ಬರು ಅದನ್ನು ಎತ್ತಲಾರರೇ?

"ಸಣ್ಣದರ ಶಕ್ತಿ ಸಾಲದಿದ್ದರೆ?" ಅದಕ್ಕೆ ಒಂಬತ್ತನೆಯ ತರಗತಿಯ ರಾಟೆಯಿದೆ. ಮರಕ್ಕೆ ರಾಟೆಯನ್ನು ಕಟ್ಟಿ, ಹಗ್ಗವನ್ನು ಅದರ ಮೂಲಕ ಹಾಯಿಸಿ, ತುದಿಯನ್ನು ವಾಹನಕ್ಕೇ ತಂದು ಸಿಕ್ಕಿಸಿದರೆ, ಘರ್ಷಣೆಯ ನಷ್ಟವನ್ನು ಬಿಟ್ಟು, ಎಳೆತ ಎರಡು ಪಟ್ಟಾಗುತ್ತದೆ, ವೇಗ ಅರ್ಧವಾಗುತ್ತದೆ. ಹಗ್ಗದ ತುದಿಯನ್ನು ತೊಟ್ಟಿಲಿಗೆ ಸಿಕ್ಕಿಸದೆ ಚಾಸಿಯ ಇನ್ನೊಂದು ಗಟ್ಟಿ ಕೊಂಡಿಗೆ ಸಿಕ್ಕಿಸಿದರೆ, ಅರ್ಧ ಬಲವನ್ನು ತೊಟ್ಟಿಲು, ಅರ್ಧ ಬಲವನ್ನು ಆ ಕೊಂಡಿ ಹೊರುತ್ತವೆ. ದೊಡ್ಡ ವಿಂಚ್ ಒಂದೇ ಜಾಗದಲ್ಲಿ ಕಿತ್ತುಹಾಕುವ ಬಲ ಇಲ್ಲಿ ಎರಡು ಕಡೆ ಹಂಚಿಹೋಗುತ್ತದೆ. ಮತ್ತೊಂದು ಲಾಭವುಂಟು. ವಿಂಚಿನ ಮೇಲೆ ಬರೆದಿರುವ ಶಕ್ತಿ ಸುರುಳಿಯ ಮೊದಲ ಪದರಕ್ಕೆ ಮಾತ್ರ ಸಲ್ಲುತ್ತದೆ. ಪದರದ ಮೇಲೆ ಪದರ ಸುತ್ತಿದಂತೆ ತ್ರಿಜ್ಯ ಹೆಚ್ಚಿ, ಎಳೆತ ಕುಗ್ಗಿ, ಕೊನೆಯ ಪದರದಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಕಡಿಮೆಯಾಗುವುದುಂಟು. ರಾಟೆ ಹಾಕಿದಾಗ ಎರಡು ಪಟ್ಟು ಹಗ್ಗ ಹೊರಬಂದು ಒಳಪದರದಿಂದ ಎಳೆಯುವಂತಾಗುತ್ತದೆ. ಒಂದು ಎಚ್ಚರಿಕೆ: ಆ ಎರಡು ಪಟ್ಟು ಬಲ ಮರಕ್ಕೂ, ಮರಕ್ಕೆ ಸುತ್ತಿದ ಪಟ್ಟಿಗೂ ಬೀಳುತ್ತದೆ. ಅಗಲವಾದ ಪಟ್ಟಿಯನ್ನು ಬುಡದ ಹತ್ತಿರ ಸುತ್ತಿ; ಮೆಣಸಿನ ಬಳ್ಳಿ ಹಬ್ಬಿದ ಮರವನ್ನು ಬಿಟ್ಟು ಬೇರೆ ಮರ ನೋಡಿ. ಜೀಪು ಉಳಿದು ಬಳ್ಳಿ ಸತ್ತರೆ ನಿಮ್ಮ ಮನೆಯವರು ನಿಮ್ಮನ್ನು ಕ್ಷಮಿಸಲಾರರು.

ಎದುರುಪಕ್ಷದ ಮಾತಿನಲ್ಲಿಯೂ ಸತ್ಯವಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಮುಂದೆ ಇದ್ದರೆ ಎಳೆಯುವ ದಾರಿ ಚಾಲಕನ ಕಣ್ಣೆದುರಿಗಿರುತ್ತದೆ, ಬ್ಯಾಟರಿ ಹತ್ತಿರವಿರುತ್ತದೆ. ಒಪ್ಪಿದೆ. ಹಿಂಬದಿಗೆ ತಂತಿ ಎಳೆದರೆ ಹೋಗಿಬರುವ ದಾರಿ ಸೇರಿ ಎಂಟು ಮೀಟರ್ ಆದೀತು. 50 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 300 ಆಂಪಿಯರ್ ಹರಿದಾಗ ಕಳೆದುಹೋಗುವುದು ಸುಮಾರು 0.8 ವೋಲ್ಟ್. ಇದು ಸಹಿಸಬಹುದಾದ ನಷ್ಟ. ತೆಳು ತಂತಿ ಹಾಕಿ ಹಣ ಉಳಿಸಿದರೆ ಮಾತ್ರ ಬೆಂಕಿಯ ಭಯ. ಗೂಡಿನ ತೊಟ್ಟಿಲು ಪಕ್ಕಕ್ಕೆ ಎಳೆದರೆ ತಿರುಚಿಕೊಳ್ಳುತ್ತದೆ ಎಂಬುದೂ ನಿಜ. ಆದ್ದರಿಂದ ನೇರವಾಗಿಯೇ ಎಳೆಯಬೇಕು. ಮರ ಓರೆಯಲ್ಲಿದ್ದರೆ ರಾಟೆಯಿಂದ ದಿಕ್ಕು ಬದಲಿಸಬೇಕು. ಸ್ಪರ್ಧೆಯ ವಾಹನಗಳಲ್ಲಿ ಚಾಸಿಯ ನಡುವೆಯೇ ವಿಂಚನ್ನಿಟ್ಟು ಎರಡೂ ಕಡೆಗೆ ಹಗ್ಗ ಬಿಡುವ ಪದ್ಧತಿಯಿದೆ. ತತ್ತ್ವದಲ್ಲಿ ಅದು ಸೊಗಸು. ಆದರೆ ಸಣ್ಣ ವಾಹನದ ಹೊಟ್ಟೆಯಲ್ಲಿ ಗೇರುಪೆಟ್ಟಿಗೆ, ತಿರುಗುವ ದಂಡಗಳು, ಇಂಧನದ ತೊಟ್ಟಿ ಇವುಗಳ ನಡುವೆ ಅದಕ್ಕೆ ಎಡೆಯೆಲ್ಲಿ?

ಅತ್ಯಂತ ಬಲವಾದ ಆಕ್ಷೇಪ ಇನ್ನೊಂದು: "ಹೂತ ಮೇಲೆ ಗೂಡು ಕೆಸರಿನೊಳಗೆ ಹೋಗಿರುತ್ತದೆ, ತೊಟ್ಟಿಲನ್ನು ಸೇರಿಸುವುದು ಹೇಗೆ?" ಸೇರಿಸಲಾಗುವುದಿಲ್ಲ. ಅದಕ್ಕಾಗಿಯೇ ಜೌಗಿಗೆ ಇಳಿಯುವ ಮೊದಲು ಸೇರಿಸಿಕೊಳ್ಳಬೇಕು. ವಾಹನ ನಿಲ್ಲಿಸಿ, ಇಳಿದು, ನಡೆದು, ಕೋಲಿನಿಂದ ಆಳ ನೋಡಿ, ಹಿಂದಕ್ಕೋ ಮುಂದಕ್ಕೋ ಎಂದು ನಿರ್ಧರಿಸಿ, ಆ ಬದಿಗೆ ವಿಂಚನ್ನು ಕೂರಿಸಿ, ಬಳಿಕ ಇಳಿಯಬೇಕು. ಇದು ಈ ವ್ಯವಸ್ಥೆಯ ದೋಷವೆಂದು ನೀವು ಹೇಳುತ್ತೀರಿ. ಇದೇ ಅದರ ದೊಡ್ಡ ಗುಣವೆಂದು ನಾನು ಹೇಳುತ್ತೇನೆ. ಬಂಪರಿನ ಮೇಲೆ ಸದಾ ಕುಳಿತ ವಿಂಚ್ ಚಾಲಕನಿಗೆ ಯೋಚಿಸದಿರುವ ಧೈರ್ಯವನ್ನು ಕೊಡುತ್ತದೆ. ತೊಟ್ಟಿಲಿನ ವಿಂಚ್ ಅವನನ್ನು ಕೆಳಗಿಳಿಸಿ ನೆಲವನ್ನು ಓದಿಸುತ್ತದೆ. ಹಾಗೆ ಓದಿದವರಲ್ಲಿ ಅರ್ಧಕ್ಕರ್ಧ ಜನ ಬೇರೆ ದಾರಿ ಹಿಡಿದು, ವಿಂಚಿನ ಗೊಡವೆಯೇ ಇಲ್ಲದೆ ಮನೆ ಸೇರುತ್ತಾರೆ.

ದಿನವೂ ಮುಂದಕ್ಕೇ ಎಳೆಯಬೇಕಾದ ಕೆಲಸವಿರುವವರಿಗೆ, ಮಣ್ಣುಕುಸಿತದ ದಾರಿಗಳಲ್ಲಿ ರಕ್ಷಣೆಗೆ ಹೋಗುವವರಿಗೆ, ಮುಂಬದಿಯ ಸ್ಥಿರ ವಿಂಚೇ ಸರಿ. ಆದರೆ ಅದು ಬಂಪರಿನ ಮೇಲಲ್ಲ, ಬಂಪರಿನ ಹಿಂದೆ, ಎರಡು ತೊಲೆಗಳ ನಡುವೆ, ರೇಡಿಯೇಟರಿಗಿಂತ ಕೆಳಗೆ, ಹಗ್ಗದ ಬಾಯಿ ಮಾತ್ರ ಕಾಣುವಂತೆ ಇರಲಿ. ಯಾವ ಜಾಗವನ್ನು ಆರಿಸಿದರೂ ನಾರಿನ ಹಗ್ಗವನ್ನೇ ಹಾಕಿ. ತುಂಡಾದಾಗ ಅದು ಉಕ್ಕಿನ ಹಗ್ಗದಷ್ಟು ರಭಸದಿಂದ ಬೀಸುವುದಿಲ್ಲ. ಆದರೂ ಎಳೆಯುವಾಗ ಹಗ್ಗದ ನಡುವೆ ದಪ್ಪ ಕಂಬಳಿಯನ್ನೋ ಗೋಣಿಯನ್ನೋ ಹಾಸಿ. ಗುಂಡಿ ಒತ್ತುವ ಮೊದಲು ಸುತ್ತಲಿನವರನ್ನು ಹಗ್ಗದ ಉದ್ದಕ್ಕಿಂತ ಹೆಚ್ಚು ದೂರಕ್ಕೆ ಕಳುಹಿಸಿ. ಜನರು ಹೋಗದಿದ್ದರೆ ಗುಂಡಿ ಒತ್ತಬೇಡಿ.

ಕೊನೆಗೆ ಮನೆಗೆಲಸ. ಹತ್ತಿರದ ತೂಕದ ಸೇತುವೆಗೆ ಹೋಗಿ ನಿಮ್ಮ ವಾಹನದ ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಬೇರೆ ಬೇರೆಯಾಗಿ ತೂಗಿಸಿ. ಅಳತೆಪಟ್ಟಿಯಿಂದ ಅಚ್ಚುಗಳ ಅಂತರ, ವಿಂಚ್ ಇಡಬೇಕೆಂದಿರುವ ಜಾಗದ ದೂರ, ನೆಲದಿಂದ ಅದರ ಎತ್ತರ, ಈ ಮೂರನ್ನೂ ಬರೆದುಕೊಳ್ಳಿ. ಮೇಲೆ ತೋರಿಸಿದಂತೆ ಲೆಕ್ಕ ಮಾಡಿ, ಹೆಜ್ಜೆಗಳನ್ನು ಬಿಡದೆ, ನನಗೆ ಕಳುಹಿಸಿ. ಈ ಸಲ ಚಿತ್ರ ಬೇಡ. ನನ್ನ ಕೆಂಪು ಶಾಯಿಯ ಪೆನ್ನು ಇನ್ನೂ ಬರೆಯುತ್ತಿದೆ.

ಇಂತಿ ನಿಮ್ಮ ಮೇಷ್ಟ್ರು